ಅವಳು ಟೈಪ್ ಮಾಡದ ಸಾಲುಗಳು

'ದ' ಒತ್ತಿದ್ದಷ್ಟೇ. ಉಳಿದ ಪದ ಇನ್ನೂ ಬೆರಳಿನಲ್ಲೇ ಇತ್ತು. ಬ್ರೌಸರಿನ ಮೇಲಿನ ಪಟ್ಟಿ ತಾನೇ ಮುಂದುವರಿಸಿ ತೋರಿಸಿತು: ದವಡೆ ಹಲ್ಲು ನೋವು ತಕ್ಷಣ ಹೋಗಲು ಏನು ಮಾಡಬೇಕು.

ಅವಳು ಕೀಲಿಮಣೆಯಿಂದ ಕೈ ತೆಗೆದಳು. ಹಿಂದೆ ಹುಡುಕಿದ್ದನ್ನೆಲ್ಲ ಬ್ರೌಸರು ನೆನಪಿಟ್ಟುಕೊಂಡಿರುತ್ತದೆ, ಒಂದಕ್ಷರ ಒತ್ತಿದರೆ 'ಇದೇ ತಾನೇ?' ಎಂದು ಮುಂದೆ ಹಿಡಿಯುತ್ತದೆ. ಅಷ್ಟು ಅವಳಿಗೆ ಗೊತ್ತು. ಆದರೆ ಹಲ್ಲುನೋವಿನ ಬಗ್ಗೆ ಅವಳು ಯಾವತ್ತೂ ಹುಡುಕಿದವಳಲ್ಲ.

"ಅಜ್ಜಾ, ನನ್ನ ಲ್ಯಾಪ್‌ಟಾಪ್ ಮುಟ್ಟಿದ್ರಾ?"

ಎದುರು ಮೇಜಿನಲ್ಲಿ ಕೂತು ಕರಡು ತಿದ್ದುತ್ತಿದ್ದ ಮುದುಕ ಕನ್ನಡಕದ ಮೇಲಿಂದ ನೋಡಿದ. ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಕರಡಜ್ಜ ಎನ್ನುತ್ತಿದ್ದರು. "ನಾನ್ಯಾಕೆ ಮುಟ್ಲಿ? ಅದು ಮುಟ್ಟಿದ್ರೆ ಮುನಿ."

"ಯಾರೋ ಹಲ್ಲುನೋವಿಗೆ ಔಷಧಿ ಹುಡುಕಿದ್ದಾರೆ."

"ನನ್ನ ಬಾಯಲ್ಲಿರೋದು ಕಟ್ಟಿಸಿದ ಹಲ್ಲು ಕಣೇ ದೀರ್ಘಕ್ಕ. ನೋವು ಬಂದ್ರೆ ತೆಗೆದು ಡಬ್ಬೀಲಿ ಇಡ್ತೀನಿ."

ದೀರ್ಘಕ್ಕ ಎಂಬುದು ಪ್ರೆಸ್ಸಿನವರು ಅವಳಿಗೆ ಇಟ್ಟ ಹೆಸರು. ಒಂದು ದೀರ್ಘ ಬಿಟ್ಟುಹೋಗಿದ್ದರೂ ಅಚ್ಚಿನ ಪ್ಲೇಟಿಗೆ ಹೋದ ಪುಟವನ್ನು ವಾಪಸ್ ತರಿಸುತ್ತಿದ್ದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಔಷಧಿ ಡಬ್ಬಿಯೊಳಗಿನ ಮಡಚಿದ ಚೀಟಿ, ಬೀಜದ ಪೊಟ್ಟಣ, ಶಾಲೆಗಳ ಡೈರಿ, ಹೀಗೆ ಬಂದದ್ದಕ್ಕೆಲ್ಲ ಅಕ್ಷರ ಜೋಡಿಸಿ ಪುಟ ಕಟ್ಟುವುದು ಅವಳ ಕೆಲಸ. ಲ್ಯಾಪ್‌ಟಾಪು ಅವಳದೇ. ಮನೆ ಬಿಟ್ಟ ದಿನ ಒಂದು ಹೆಗಲಿಗೆ ಮಗಳನ್ನೂ ಇನ್ನೊಂದಕ್ಕೆ ಅದನ್ನೂ ಏರಿಸಿಕೊಂಡು ಬಂದಿದ್ದಳು.

ನಗಲಿಕ್ಕೆ ಹೋದವಳು ತೆರೆಯ ಮೇಲಿನ ಸಾಲನ್ನು ಮತ್ತೊಮ್ಮೆ ಓದಿದಳು. ದವಡೆ ಹಲ್ಲು. ಎಡಗಡೆಯದು. ಗಂಡನಿಗೆ ಆ ನೋವು ಬಂದ ದಿನಗಳಲ್ಲಿ ಮನೆಯಲ್ಲಿ ಪಾತ್ರೆಯ ಸದ್ದೂ ಆಗಬಾರದಿತ್ತು.

'ಹ' ಒತ್ತಿದಳು. ಹೆಂಡತಿ ಹೇಳದೆ ಮಗು ಕರೆದುಕೊಂಡು ಹೋದರೆ ಯಾರಿಗೆ ಹಕ್ಕು.

'ಮ' ಒತ್ತಿದಳು. ಮಧ್ಯದಲ್ಲಿ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವ ಶಾಲೆ.

ಯಾರೋ ಬೆನ್ನ ಹಿಂದೆ ನಿಂತು ಅವಳ ಬೆರಳ ಮೇಲೆ ಬೆರಳಿಟ್ಟು ಟೈಪ್ ಮಾಡುತ್ತಿದ್ದಂತಿತ್ತು. ತಿರುಗಿ ನೋಡಿದಳು. ಕಾಗದದ ರಾಶಿ, ಗೋಡೆ, ಕ್ಯಾಲೆಂಡರು. ಅಷ್ಟೇ.

*

ಮೆಟ್ಟಿಲ ಕೆಳಗೆ ಕಂಪ್ಯೂಟರ್ ರಿಪೇರಿ ಅಂಗಡಿಯವನಿದ್ದ. ಸದಾ ತುಟಿಯ ಮಧ್ಯೆ ಒಂದೆರಡು ಸ್ಕ್ರೂ ಕಚ್ಚಿಕೊಂಡಿರುತ್ತಿದ್ದರಿಂದ ಸ್ಕ್ರೂ ಅಣ್ಣ ಎಂದೇ ಹೆಸರು. ಅವನು ಮೇಲೆ ಬಂದು ಬ್ರೌಸರಿನ ಹಿಸ್ಟರಿ ತೆರೆದ. ಹುಡುಕಿದ್ದೆಲ್ಲ ದಿನ, ಗಂಟೆ ಸಮೇತ ಸಾಲಾಗಿ ಬಂತು. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಚಿತ್ರ. ಕೆಲವಕ್ಕೆ ಲ್ಯಾಪ್‌ಟಾಪಿನದು, ಕೆಲವಕ್ಕೆ ಬೇರೆ.

"ಇದು ಟ್ಯಾಬ್ಲೆಟ್ ಅಲ್ವಾ? ನಿಮ್ಮ ಹತ್ರ ಟ್ಯಾಬ್ಲೆಟ್ ಇದೆಯಾ ಅಕ್ಕ?"

ಇತ್ತು. ಮಗಳು ಕಾರ್ಟೂನ್ ನೋಡುತ್ತಿದ್ದ ಟ್ಯಾಬ್ಲೆಟ್. ಚಾರ್ಜು ಸತ್ತು ಬೀರುವಿನ ಡ್ರಾಯರಿನಲ್ಲಿ ಬಿದ್ದಿತ್ತು. ಹೊರಡುವ ಆತುರದಲ್ಲಿ ಅದರ ನೆನಪೇ ಆಗಿರಲಿಲ್ಲ. ಮೊದಲ ಸಾಲು ಒಂಬತ್ತು ದಿನದ ಹಿಂದಿನದು. ಒಂಬತ್ತು ದಿನದ ಹಿಂದೆ ಅವನು ಡ್ರಾಯರ್ ತೆಗೆದಿದ್ದಾನೆ, ಚಾರ್ಜಿಗೆ ಹಾಕಿದ್ದಾನೆ.

"ಎರಡರಲ್ಲೂ ನಿಮ್ಮದೇ ಅಕೌಂಟು. ಒಂದರಲ್ಲಿ ಹುಡುಕಿದ್ದು ಇನ್ನೊಂದರಲ್ಲೂ ಕಾಣುತ್ತೆ. ನೀವು ಹುಡುಕಿದ್ದು ಅಲ್ಲಿ, ಅವರು ಹುಡುಕಿದ್ದು ಇಲ್ಲಿ."

"ಅವರು ಅಲ್ಲ, ಅವನು," ಅಂದಳು. ಏಳು ವರ್ಷ ಅವರು ಅವರು ಎಂದಿದ್ದಳು. ಅವಳ ಎಡಗೈ ಕಿರುಬೆರಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ನೂಕಿದ ದಿನದಿಂದ ಅವನು. ಬೆರಳು ಈಗಲೂ ಮಡಚುವುದಿಲ್ಲ. ಶಿಫ್ಟ್ ಕೀಲಿಯನ್ನು ಉಂಗುರದ ಬೆರಳಿನಿಂದ ಒತ್ತುವುದನ್ನು ಹೊಸದಾಗಿ ಕಲಿಯಬೇಕಾಯಿತು. ಈ ಊರಿನ ಪೊಲೀಸ್ ಠಾಣೆಯಲ್ಲಿ ಆ ಬೆರಳು ತೋರಿಸಿದಾಗ ಮೇಜಿನ ಹಿಂದಿನವನು, "ಬಾಗಿಲಿಗೆ ಸಿಕ್ಕಿಬಿದ್ದ ಬೆರಳು ಎಲ್ಲರ ಮನೇಲೂ ಇರುತ್ತಮ್ಮ. ಸಾಕ್ಷಿ ಏನು?" ಎಂದಿದ್ದ.

"ಆ ಟ್ಯಾಬ್ಲೆಟ್‌ನ ಹೊರಗೆ ಹಾಕು," ಅಂದಳು.

ಸ್ಕ್ರೂ ಅಣ್ಣ ಅಕೌಂಟಿನ ಭದ್ರತೆಯ ಪುಟಕ್ಕೆ ಹೋದ. ಪುಟ ತೆರೆಯಲಿಲ್ಲ. ಬಿಳಿ ತೆರೆಯ ಮೇಲೆ ಒಂದು ಬೀಗದ ಚಿತ್ರ. ನಿಮ್ಮ ಬ್ರೌಸರ್ ಹಳೆಯದು, ನಿಮ್ಮ ಸುರಕ್ಷತೆಗಾಗಿ ಈ ಪುಟವನ್ನು ಇದರಲ್ಲಿ ತೆರೆಯುವುದಿಲ್ಲ, ಹೊಸ ಆವೃತ್ತಿ ಹಾಕಿಕೊಳ್ಳಿ. ಹೊಸ ಆವೃತ್ತಿ ಹಾಕಲು ಹೋದರೆ ಇನ್ನೊಂದು ಕಿಟಕಿ: ಈ ಆಪರೇಟಿಂಗ್ ಸಿಸ್ಟಮ್‌ಗೆ ಹೊಂದುವುದಿಲ್ಲ.

"ಸುರಕ್ಷತೆಗಾಗಿ ಅಂತೆ," ಅವನು ಸ್ಕ್ರೂ ಉಗುಳಿ ಕೈಯಲ್ಲಿ ಹಿಡಿದ. "ಹಂಚೋ ಕೆಲಸ ಮಾತ್ರ ಹಳೇ ಬ್ರೌಸರಲ್ಲೂ ಸಲೀಸಾಗಿ ನಡೀತಿದೆ, ನಿಲ್ಲಿಸೋ ಪುಟಕ್ಕೆ ಮಾತ್ರ ಬೀಗ. ಪಾಸ್‌ವರ್ಡ್ ಬದಲಾಯಿಸೋದೂ ಅದೇ ಪುಟದಲ್ಲೇ. ನೂರು ಸಲ ಹೇಳಿದ್ದೆ ಅಕ್ಕ, ಈ ಸಿಸ್ಟಮ್ ತೆಗೆದು ಹೊಸದು ಹಾಕ್ತೀನಿ ಅಂತ."

"ಹಾಕಿದ್ರೆ ಪುಟ ಕಟ್ಟೋ ಸಾಫ್ಟ್‌ವೇರ್ ಸಾಯುತ್ತೆ. ನಮ್ಮ ಅಕ್ಷರಗಳು ಅದರಲ್ಲೇ ಇರೋದು."

ಅದು ನಿಜ. ಹದಿನೈದು ವರ್ಷ ಹಳೆಯ ಸಾಫ್ಟ್‌ವೇರು. ಅದರ ಅಕ್ಷರಗಳು ಹೊಸ ಸಿಸ್ಟಮ್ಮಿನಲ್ಲಿ ಚೌಕಾಕಾರದ ಪೆಟ್ಟಿಗೆಗಳಾಗಿ ಬರುತ್ತಿದ್ದವು. ಅವಳ ಅನ್ನ ಆ ಹಳೇ ಸಿಸ್ಟಮ್ಮಿನ ಮೇಲೇ ನಿಂತಿತ್ತು.

"ಸರಿ, ನನ್ನ ಹೊಸ ಕಂಪ್ಯೂಟರಲ್ಲಿ ತೆಗೆಯೋಣ ಬನ್ನಿ."

ಕೆಳಗೆ ಅವನ ಕಂಪ್ಯೂಟರಿನಲ್ಲಿ ಪುಟ ತೆರೆಯಿತು. ಹೆಸರು, ಪಾಸ್‌ವರ್ಡ್ ಕೊಟ್ಟಳು. ಆಗ ಅದು ಕೇಳಿತು: ಇದು ಹೊಸ ಸಾಧನ. ನೀವೇ ಎಂದು ಖಚಿತಪಡಿಸಲು ನಿಮ್ಮ ಟ್ಯಾಬ್ಲೆಟ್‌ಗೆ ಸೂಚನೆ ಕಳಿಸುತ್ತೇವೆ. ಕೆಳಗೆ ನೀಲಿ ಗುಂಡಿ: ಕಳಿಸಿ.

ಸ್ಕ್ರೂ ಅಣ್ಣನ ಮೌಸಿನ ಬಾಣ ಗುಂಡಿಯ ಮೇಲೆ ಹೋಗಿತ್ತು. ಅವಳು ಅವನ ಮಣಿಕಟ್ಟು ಹಿಡಿದು ಎಳೆದ ರಭಸಕ್ಕೆ ಮೌಸು ಮೇಜಿನಿಂದ ಬಿದ್ದು ತಂತಿಯಲ್ಲಿ ನೇತಾಡಿತು.

"ಒತ್ತಬೇಡ! ಟ್ಯಾಬ್ಲೆಟ್ ಅವನ ಕೈಲಿದೆ. ಅವನ ಅನುಮತಿ ಕೇಳಿ ಅವನನ್ನ ಹೊರಗೆ ಹಾಕೋದಾ?"

"ಬೇರೆ ಫೋನ್ ಕೊಟ್ಟಿಲ್ವಾ ಅಕೌಂಟಿಗೆ?"

"ಕೊಟ್ಟಿದ್ದ ಫೋನನ್ನ ಗೋಡೆಗೆ ಹೊಡೆದಿದ್ದಾನೆ."

ಸ್ಕ್ರೂ ಅಣ್ಣ ನೇತಾಡುತ್ತಿದ್ದ ಮೌಸನ್ನು ಎತ್ತಿ ಮೇಜಿನ ಮೇಲಿಟ್ಟ. "ಕಳ್ಳನ ಕೈಗೆ ಬೀಗದ ಕೈ ಅಂದ್ರೆ ಇದೇ. ಹಾಗಾದ್ರೆ ನಿಮ್ಮ ಲ್ಯಾಪ್‌ಟಾಪಿಂದ ನೀವೇ ಹೊರಗೆ ಬಂದ್ಬಿಡಿ. ಒಂದು ಗುಂಡಿ ಅಷ್ಟೇ. ಇನ್ಮೇಲಿಂದು ಅವನಿಗೆ ಕಾಣಲ್ಲ."

"ಇಲ್ಲೀವರೆಗಿಂದು?"

"ಅದು ಅವನ ಹತ್ರ ಉಳಿಯುತ್ತೆ."

*

ಇಲ್ಲಿಯವರೆಗಿನದು ಏನು ಎಂದು ಅವಳು ಮೇಲೆ ಹೋಗಿ ಓದಿದಳು. ತನ್ನದೇ ನಾಲ್ಕು ತಿಂಗಳು. ಒಂದು ಕಡೆಯೂ ಊರಿನ ಹೆಸರು ಹುಡುಕಿರಲಿಲ್ಲ, ಮನೆ ಹುಡುಕಿರಲಿಲ್ಲ, ಅಷ್ಟು ಎಚ್ಚರ ಇತ್ತು. ಆದರೆ ಒಂದು ಚಾಳಿ ಇತ್ತು. ಕರಡಜ್ಜನೇ ಕಲಿಸಿದ ಚಾಳಿ: ಯಾವುದೇ ಸಂಸ್ಥೆಯ ಹೆಸರು ಪುಟಕ್ಕೆ ಬಂದರೆ ಕೈಬರಹ ನಂಬಬಾರದು, ಒಮ್ಮೆ ಹುಡುಕಿ ನೋಡಿ ಜೋಡಿಸಬೇಕು. ಡೈರಿಗಳ ಕಾಲದಲ್ಲಿ ಐದು ಊರಿನ ಇಪ್ಪತ್ತಮೂರು ಶಾಲೆಗಳ ಹೆಸರನ್ನು ಒಂದೊಂದಾಗಿ ಹುಡುಕಿದ್ದಳು. ಅದರಲ್ಲಿ ಹತ್ತನೆಯದು ಮುಂಜಾವು ಶಾಲೆ. ಮಗಳು ಈಗ ಕೂತಿರುವ ಶಾಲೆ.

ಟ್ಯಾಬ್ಲೆಟ್ಟಿನ ಇವತ್ತಿನ ಸಾಲುಗಳು ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿದ್ದವು. ಮೊದಲ ಶಾಲೆ, ಫೋನ್ ನಂಬರ್. ಎರಡನೇ ಶಾಲೆ, ಫೋನ್ ನಂಬರ್. ಅವಳು ಹುಡುಕಿದ್ದ ಅದೇ ಕ್ರಮ. ಒಂದೊಂದಕ್ಕೆ ಹತ್ತು ಹನ್ನೆರಡು ನಿಮಿಷ. ಅವನು ಯಾವತ್ತೂ ಹಾಗೇ, ಸಿಟ್ಟು ಬಂದಾಗಲೂ ಅವಸರ ಮಾಡುತ್ತಿರಲಿಲ್ಲ. ಒಂಬತ್ತನೆಯದು ಹತ್ತೂ ನಲವತ್ತಕ್ಕೆ. ಈಗ ಗಂಟೆ ಹತ್ತೂ ಐವತ್ತೈದು.

ನೋಡುತ್ತಿದ್ದಂತೆ ಸಾಲುಗಳು ಒಂದು ಮೆಟ್ಟಿಲು ಕೆಳಗಿಳಿದವು. ಮೇಲೆ ಹೊಸದೊಂದು ಬಂದು ಕೂತಿತು: ಮುಂಜಾವು ಶಾಲೆ ಫೋನ್ ನಂಬರ್.

ಅವಳು ಗುಂಡಿ ಫೋನು ತೆಗೆದು ಶಾಲೆಗೆ ಹಚ್ಚಿದಳು. ಕರೆ ಕಾರ್ಯನಿರತ. ಮತ್ತೆ ಹಚ್ಚಿದಳು. ಕಾರ್ಯನಿರತ. ಆ ಟೂಂ ಟೂಂ ಶಬ್ದದ ಆಚೆ ತುದಿಯಲ್ಲಿ ಯಾರ ಉಸಿರು ಇದೆ ಎಂದು ಅವಳಿಗೆ ಗೊತ್ತಿತ್ತು. ಕರಡಜ್ಜ ಎದ್ದು ಬಂದು ಅವಳ ಹಿಂದೆ ನಿಂತ. ಆರನೇ ಸಲಕ್ಕೆ ಗುಮಾಸ್ತೆ ಎತ್ತಿದಳು.

"ಈಗ ತಾನೇ ಒಬ್ಬರು ಮಾಡಿದ್ರಮ್ಮ. ಪಾಪ, ಬಹಳ ಮರ್ಯಾದೆ ಮನುಷ್ಯ. ನಿಮ್ಮ ಮಗು ಹೆಸರು ಹೇಳಿ ಇಲ್ಲಿ ಓದ್ತಾಳಾ ಅಂದ್ರು."

"ಏನಂದ್ರಿ?"

"ಹೊಸಬರ ದಾಖಲಾತಿ ಪುಸ್ತಕ ಹೆಡ್ ಮೇಡಂ ಕಪಾಟಲ್ಲಿದೆ, ಅವರು ಬರೋದು ಎರಡಕ್ಕೆ. ಆಮೇಲೆ ಮಾಡಿ ಅಂದೆ."

"ಮೇಡಂ, ದಯವಿಟ್ಟು ಇಲ್ಲ ಅಂದ್ಬಿಡಿ. ಆ ಹೆಸರಿನ ಮಗು ಇಲ್ಲ ಅನ್ನಿ."

"ತಂದೆ ಅಂತಾರೆ. ತಂದೆಗೆ ಸುಳ್ಳು ಹೇಳೋಕೆ ಬರಲ್ಲಮ್ಮ. ಹೇಳಬಾರದು ಅಂತ ಕೋರ್ಟಿನ ಪತ್ರ ಇದ್ರೆ ತನ್ನಿ, ಫೈಲಿಗೆ ಹಾಕ್ತೀನಿ, ಆಮೇಲೆ ದೇವರು ಕೇಳಿದ್ರೂ ಹೇಳಲ್ಲ."

ಎರಡು ಗಂಟೆ. ಅವಳ ಬಳಿ ಮೂರು ಗಂಟೆ ಇತ್ತು. ಮಗಳನ್ನು ಈಗಲೇ ಕರೆದುಕೊಂಡು ಬರಬಹುದು. ಆದರೆ ಎರಡಕ್ಕೆ ಅವನಿಗೆ 'ಹೌದು' ಎಂಬ ಉತ್ತರ ಸಿಕ್ಕರೆ ಊರು ಸಿಕ್ಕಿತು, ಊರು ಸಿಕ್ಕರೆ ಪ್ರೆಸ್ ಸಿಕ್ಕಿತು. ಇನ್ನೊಂದು ಊರು, ಇನ್ನೊಂದು ಕೋಣೆ, ಮತ್ತೆ ಮೊದಲಿನಿಂದ. ಓಡುವುದಕ್ಕೂ ಒಂದು ಮಿತಿ ಇರುತ್ತದೆ.

"ಲಾಗೌಟ್ ಮಾಡ್ಲಾ ಅಕ್ಕ?" ಸ್ಕ್ರೂ ಅಣ್ಣ ಮತ್ತೆ ಮೇಲೆ ಬಂದಿದ್ದ.

"ಬೇಡ. ಇದು ಬೆಕ್ಕಿನ ಕೊರಳಲ್ಲಿರೋ ಗಂಟೆ. ಬಿಚ್ಚಿಬಿಟ್ರೆ ಬೆಕ್ಕು ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?"

"ಹಿಸ್ಟರಿನಾದ್ರೂ ಅಳಿಸಿ."

"ಅಳಿಸಿದ್ರೆ ಅಲ್ಲೂ ಅಳಿಸಿಹೋಗುತ್ತೆ. ನೋಡ್ತಿದ್ದೀನಿ ಅಂತ ಗೊತ್ತಾಗುತ್ತೆ."

ಕರಡಜ್ಜ ಕೆಮ್ಮಿದ. "ಕರಡಿನಲ್ಲಿ ತಪ್ಪಾದ್ರೆ ನಾವು ಅಳಿಸಲ್ಲ. ಪಕ್ಕದಲ್ಲಿ ಬೇರೆ ಬರೀತೀವಿ. ಓದೋನ ಕಣ್ಣು ಹೊಸದರ ಮೇಲೆ ಹೋಗುತ್ತೆ."

ಅವಳು ಮುದುಕನನ್ನು ಒಂದು ಗಳಿಗೆ ನೋಡಿದಳು.

ಇಪ್ಪತ್ತಮೂರರಲ್ಲಿ ಕೊನೆಯದು ಬೆಟ್ಟದ ಮೇಲಿನ ಒಂದು ವಸತಿ ಶಾಲೆ. ಅವನಿರುವ ಊರಿನಿಂದ ಬಸ್ಸಿನಲ್ಲಿ ಏಳು ಗಂಟೆ, ಇಲ್ಲಿಗೆ ತದ್ವಿರುದ್ಧ ದಿಕ್ಕು. ಆ ಶಾಲೆಯ ಚಾವಣಿ ಕುಸಿದು ತಿಂಗಳ ಕೊನೆಯವರೆಗೆ ಮಕ್ಕಳನ್ನೆಲ್ಲ ಮನೆಗೆ ಕಳಿಸಿದ್ದರು. ಪೋಷಕರಿಗೆ ಹೋದ ಆ ಪ್ರಕಟಣೆಯ ಅಕ್ಷರ ಜೋಡಿಸಿದವಳು ಇವಳೇ. ಅಲ್ಲಿ ಈಗ ಕಾವಲುಗಾರನೂ ಇಲ್ಲ. ಫೋನು ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ. ಎತ್ತದ ಫೋನು ಮನುಷ್ಯನನ್ನು ಎಳೆದುಕೊಂಡು ಹೋಗುತ್ತದೆ.

ಟೈಪ್ ಮಾಡಲು ಕೂತಳು. ಬೆಟ್ಟದ ವಸತಿ ಶಾಲೆ ಪೋಷಕರ ಭೇಟಿ ಸಮಯ. ಒತ್ತುವ ಮೊದಲು ಓದಿಕೊಂಡಳು. ತೀರಾ ಅಚ್ಚುಕಟ್ಟು. ಹುಡುಕುವ ತಾಯಿ ಹೀಗೆ ಹುಡುಕುವುದಿಲ್ಲ. ಅಳಿಸಿದಳು. ಆರು ವರ್ಷದ ಮಗು ಹಾಸ್ಟೆಲಿನಲ್ಲಿ ಹಾಸಿಗೆ ಒದ್ದೆ ಮಾಡಿದರೆ. ಒತ್ತಿದಳು. ಕಾಲು ಗಂಟೆ ಬಿಟ್ಟು, ಮಗು ತಾಯಿ ಬಿಟ್ಟು ಇರಲು ಎಷ್ಟು ದಿನಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಭೇಟಿ ಸಮಯ. ಆಮೇಲೆ, ಬೆಟ್ಟದ ಶಾಲೆ ಹತ್ತಿರ ಬಾಡಿಗೆ ಕೋಣೆ.

ಬರೆದದ್ದೆಲ್ಲ ಸುಳ್ಳು. ಆದರೂ ಮಗಳು ಯಾವುದೋ ಕಬ್ಬಿಣದ ಮಂಚದ ಮೇಲೆ ಒದ್ದೆ ಹಾಸಿಗೆಯಲ್ಲಿ ಎದ್ದು ಕೂತಂತೆ ಕಣ್ಣಿಗೆ ಕಟ್ಟಿತು. ಸೆರಗಿನಿಂದ ಅಂಗೈ ಒರೆಸಿಕೊಂಡಳು.

ಹನ್ನೆರಡು. ಟ್ಯಾಬ್ಲೆಟ್ಟಿನಿಂದ ಹನ್ನೊಂದನೇ ಶಾಲೆ, ಹನ್ನೆರಡನೇ ಶಾಲೆ. ಅವನು ಪಟ್ಟಿಯನ್ನು ಬಿಟ್ಟಿರಲಿಲ್ಲ.

ಹನ್ನೆರಡೂವರೆ. ಹದಿನಾಲ್ಕನೇ ಶಾಲೆ.

ಒಂದು ಗಂಟೆ. ಏನೂ ಇಲ್ಲ. ಕರಡಜ್ಜ ಡಬ್ಬಿ ತೆಗೆದು ಅವಳ ಮುಂದೆ ನೂಕಿದ. "ತಿನ್ನು. ಹೊಟ್ಟೆಗೂ ಅವನಿಗೂ ಜಗಳ ಇಲ್ಲ." ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡು ಅಗಿಯುವುದನ್ನು ಮರೆತಳು.

ಒಂದೂ ಕಾಲು. ಏನೂ ಇಲ್ಲ. ಅವನು ಉಣ್ಣುತ್ತಿರಬಹುದು. ಬಸ್ ಹತ್ತಿರಬಹುದು. ಈ ಮೆಟ್ಟಿಲೇ ಹತ್ತುತ್ತಿರಬಹುದು.

ಒಂದೂ ಮೂವತ್ತೆಂಟಕ್ಕೆ ಸಾಲುಗಳು ಕೆಳಗಿಳಿದವು. ಬೆಟ್ಟದ ವಸತಿ ಶಾಲೆ ಫೋನ್ ನಂಬರ್. ಒಂದೂ ನಲವತ್ತಾರಕ್ಕೆ ಮತ್ತೆ ಅದೇ. ಒಂದೂ ಐವತ್ತೆರಡಕ್ಕೆ, ಬೆಟ್ಟದ ವಸತಿ ಶಾಲೆಗೆ ಬಸ್ ಎಷ್ಟು ಗಂಟೆಗೆ.

ಸ್ಕ್ರೂ ಅಣ್ಣ ಚಪ್ಪಾಳೆ ತಟ್ಟಿದ. "ಕಚ್ಚಿದ! ಗಾಳ ನುಂಗಿದ!"

"ಮೆಲ್ಲಗೆ," ಅಂದಳು, ಟ್ಯಾಬ್ಲೆಟ್ಟಿಗೆ ಕಿವಿಯೂ ಇದೆಯೇನೋ ಎಂಬಂತೆ.

ಮೂರೂವರೆಗೆ ಶಾಲೆಯ ಗೇಟಿನಲ್ಲಿ ನಿಂತಾಗ ಗುಮಾಸ್ತೆ ಕಿಟಕಿಯಿಂದಲೇ ಕೂಗಿದಳು: "ಅವರು ಮತ್ತೆ ಮಾಡಲೇ ಇಲ್ಲಮ್ಮ!" ಮಗಳು ಓಡಿ ಬಂದು ಅಲ್ಲಾಡುವ ಹಲ್ಲು ತೋರಿಸಿದಳು. ಮನೆಗೆ ಹೋಗುವ ದಾರಿಯಲ್ಲಿ ಅವಳು ಎದುರಿಗೆ ಬಂದ ಪ್ರತಿಯೊಬ್ಬ ಗಂಡಸಿನ ಮುಖವನ್ನೂ ನೋಡಿದಳು. ಬಾಗಿಲ ಹಿಂದೆ ಕುರ್ಚಿ ಇಟ್ಟಳು, ಕುರ್ಚಿಯ ಮೇಲೆ ತುಂಬಿದ ಬಕೆಟ್ಟು. "ಯಾಕಮ್ಮಾ?" ಅಂದ ಮಗಳಿಗೆ "ನೆಲ ಒರೆಸೋಕೆ" ಎಂದಳು.

*

ಮರುದಿನ ಮಗಳನ್ನು ಶಾಲೆಗೆ ಬಿಡದೆ ಪ್ರೆಸ್ಸಿಗೇ ಕರೆತಂದಳು. ಕರಡಜ್ಜ ಒಂದು ಹಾಳು ಕರಡನ್ನು ಕೊಟ್ಟು, "ಇದರಲ್ಲಿರೋ ಎಲ್ಲಾ ಸೊನ್ನೆಗೂ ಮೀಸೆ ಬರಿ" ಎಂದ. ಮಗಳು ಮೂಲೆಯಲ್ಲಿ ಬಗ್ಗಿ ಕೂತಳು.

ಔಷಧಿ ಚೀಟಿ ಬಾಕಿ ಇತ್ತು. ತಯಾರಕರ ಹೆಸರು ಬ ಅಕ್ಷರದಿಂದ ಶುರುವಾಗುತ್ತಿತ್ತು. ಚಾಳಿ ಬಿಡಲಿಲ್ಲ. ಪಟ್ಟಿಯಲ್ಲಿ 'ಬ' ಒತ್ತಿದಳು.

ಬೆರಳು ಹೇಗಿದೆ.

ಮೊದಲ ಕ್ಷಣ ಅರ್ಥವಾಗಲಿಲ್ಲ. ಮರುಕ್ಷಣ ಎಡಗೈ ತಾನಾಗಿ ಮಡಿಲಿಗೆ ಸರಿಯಿತು. ಹಿಸ್ಟರಿ ತೆರೆದಳು. ಟ್ಯಾಬ್ಲೆಟ್ಟಿನ ಸಾಲುಗಳು, ಇವತ್ತು ಬೆಳಿಗ್ಗೆ ಆರರಿಂದ. ಬಸ್ಸಿನ ಸಮಯವಲ್ಲ, ಶಾಲೆಯಲ್ಲ. ಹುಡುಕುವ ಜಾಗದಲ್ಲಿ ಕೂತು ಅವನು ಅವಳೊಡನೆ ಮಾತಾಡಿದ್ದ.

ಬೆಟ್ಟ ಚೆನ್ನಾಗಿದೆ ಗೇಟಿಗೆ ಬೀಗ.

ನಾನು ಹುಡುಕೋದನ್ನ ಓದ್ತಾ ಇದ್ದೀಯ ಅಂತ ಈಗ ಗೊತ್ತಾಯ್ತು.

ಬೆರಳು ಹೇಗಿದೆ.

ಪಟ್ಟಿಲಿ ಇನ್ನೂ ಎಂಟು ಶಾಲೆ ಇವೆ ಅಂದ್ಕೊಂಡೆ ಆದರೆ ನೀನು ಹತ್ತನೇದರಿಂದ ದೂರ ಕಳಿಸಿದ್ದೆ ಅಲ್ವಾ.

ಅವಳಿಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಮೂಲೆಯಲ್ಲಿ ಮಗಳು ಸೊನ್ನೆಗಳಿಗೆ ಮೀಸೆ ಬರೆಯುತ್ತಿದ್ದಳು. ಅವನು ಎಲ್ಲವನ್ನೂ ಲೆಕ್ಕ ಹಾಕಿದ್ದ. ಎಷ್ಟನೇ ಫೋನಿನ ನಂತರ ಅವಳ ಹುಡುಕಾಟ ದಿಕ್ಕು ಬದಲಿಸಿತು ಎಂದು ಗಂಟೆ ನೋಡಿ ತಿಳಿದಿದ್ದ. ಗಂಟೆಗಳು ಎರಡೂ ಕಡೆ ಕಾಣುತ್ತಿದ್ದವು. ಅದನ್ನು ಅವಳು ಮರೆತಿದ್ದಳು. ಸಾಲು ತಪ್ಪಿಲ್ಲದೆ ಜೋಡಿಸಿ, ಪುಟದ ತುದಿಯ ಅಂಕಿ ನೋಡದೆ ಬಿಟ್ಟಂತಾಗಿತ್ತು.

ಸಾಲುಗಳು ಇನ್ನೊಂದು ಮೆಟ್ಟಿಲು ಇಳಿದವು. ಈಗ ಬರೆದದ್ದು.

ಮುಂಜಾವು ಶಾಲೆಗೆ ಬಸ್ ಎಷ್ಟು ಗಂಟೆಗೆ.

ಬೆಟ್ಟದಿಂದ ಅವನ ಊರಿಗೆ ಏಳು ಗಂಟೆ, ಅಲ್ಲಿಂದ ಇಲ್ಲಿಗೆ ಇನ್ನೂ ಐದು. ಬೆರಳಿನಲ್ಲಿ ಎಣಿಸಿದಳು. ಇವತ್ತಿನ ಹಗಲು ಅವಳದು. ಅದರಾಚೆಗಿನದು ಅಲ್ಲ.

"ಅಜ್ಜಾ, ದೊಡ್ಡ ಪ್ರಿಂಟರ್ ಹಾಕಿ."

"ಏನು ಅಚ್ಚಾಗಬೇಕು?"

"ಇದು. ಒಂಬತ್ತು ದಿನದ್ದೂ. ಗಂಟೆ, ಟ್ಯಾಬ್ಲೆಟ್ ಚಿತ್ರ ಎಲ್ಲಾ ಕಾಣಬೇಕು."

ಹಳೇ ಬ್ರೌಸರು ಹಳೇ ಸಿಸ್ಟಮ್ಮಿನಲ್ಲಿ ತಕರಾರಿಲ್ಲದೆ ಪುಟ ಕಳಿಸಿತು. ಪ್ರಿಂಟರು ಗೊರಗೊರ ಎಂದು ಹದಿನೇಳು ಹಾಳೆ ಉಗುಳಿತು. ಹಲ್ಲುನೋವು, ಹಕ್ಕು, ಹದಿನಾಲ್ಕು ಶಾಲೆ, ಬೆಟ್ಟ, ಬೆರಳು. ಠಾಣೆಯವನು ಕೇಳಿದ್ದ ಸಾಕ್ಷಿ ಇನ್ನೂ ಬಿಸಿಯಾಗಿತ್ತು. ಕರಡಜ್ಜ ಚಾಳಿಯಂತೆ ಕೆಂಪು ಪೆನ್ನು ತೆಗೆದವನು, ಬೆರಳಿನ ಸಾಲಿಗೆ ಬಂದಾಗ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ.

"ಇಂಥದ್ದನ್ನ ಕೈಯಾರೆ ಬರೆದುಕೊಟ್ಟಿದ್ದಾನಲ್ಲ, ಮುಂಡೇದು," ಅಂದ. "ನಡಿ. ನಾನೂ ಬರ್ತೀನಿ. ಮೊದಲು ಠಾಣೆ, ಆಮೇಲೆ ಕೋರ್ಟು. ಪತ್ರ ಕೈಗೆ ಬರೋವರೆಗೆ ಅಲ್ಲೇ ಬೆಂಚಿನ ಮೇಲೆ ಕೂರೋಣ."

"ಪತ್ರ ಇವತ್ತೇ ಕೊಡ್ತಾರಾ?"

ಕರಡಜ್ಜ ಹಾಳೆಗಳ ಅಂಚು ಮೇಜಿಗೆ ಕುಟ್ಟಿ ಸರಿಮಾಡಿದ.

ಅವಳು ಹಿಸ್ಟರಿ ಮುಚ್ಚಿ, ಸ್ಕ್ರೂ ಅಣ್ಣ ತೋರಿಸಿದ್ದ ಆ ಒಂದು ಗುಂಡಿಯನ್ನು ಒತ್ತಿದಳು. ಅಕೌಂಟು ಹೊರಟುಹೋಯಿತು. ಪಟ್ಟಿಯಲ್ಲಿ 'ಬ' ಒತ್ತಿ ನೋಡಿದಳು. ಏನೂ ಬರಲಿಲ್ಲ. 'ಮ' ಒತ್ತಿದಳು. ಏನೂ ಇಲ್ಲ. ಬಿಳಿ ಪಟ್ಟಿ, ಮಿಣುಕುವ ಒಂದು ಗೆರೆ. ಇನ್ನು ಅವನಿಗೆ ಅವಳು ಕಾಣುವುದಿಲ್ಲ. ಅವಳಿಗೂ ಅವನು ಕಾಣುವುದಿಲ್ಲ. ಎಲ್ಲಿ ಬಸ್ಸಿಳಿದ, ಯಾವ ರಸ್ತೆ ಹಿಡಿದ, ಇನ್ನು ಯಾವ ಸಾಲೂ ಹೇಳುವುದಿಲ್ಲ.

ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಭಾರದ ಹೆಜ್ಜೆ, ಅವಸರವಿಲ್ಲದ್ದು. ಮಗಳೊಬ್ಬಳನ್ನು ಬಿಟ್ಟು ಎಲ್ಲರೂ ತಲೆ ಎತ್ತಿದರು. ಅವಳ ಕೈ ಮೇಜಿನ ಮೇಲಿದ್ದ ಕಾಗದ ಕತ್ತರಿಸುವ ಚಾಕುವಿನ ಮೇಲೆ ಹೋಗಿತ್ತು.

ಬಾಗಿಲಲ್ಲಿ ಕಾಗದದ ಕಟ್ಟು ಹೊತ್ತ ಹಮಾಲ ನಿಂತಿದ್ದ. "ಎಲ್ಲಿ ಇಳಿಸ್ಲಿ?" ಎಂದ. ಒಬ್ಬೊಬ್ಬರ ಮುಖ ನೋಡಿ, "ಏನು, ದೆವ್ವ ನೋಡ್ದಂಗೆ ನೋಡ್ತೀರಲ್ಲ ಎಲ್ಲರೂ?" ಎಂದ.

ಅವಳು ಚಾಕು ಬಿಟ್ಟಳು. ಹದಿನೇಳು ಹಾಳೆಗಳನ್ನು ಮಗಳ ಶಾಲೆ ಚೀಲದಲ್ಲಿ ಡೈರಿಯ ಪಕ್ಕ ಇಟ್ಟು, ಮಗಳ ಕೈ ಹಿಡಿದು, ಹಮಾಲನ ಪಕ್ಕದಿಂದ ಮೆಟ್ಟಿಲಿಳಿದಳು. ಕರಡಜ್ಜ ಹಿಂದಿನಿಂದ ಬಂದ. ರಸ್ತೆಗೆ ಕಾಲಿಡುವ ಮೊದಲು ನಿಂತು ಎರಡೂ ಕಡೆ ನೋಡಿದಳು. ಅವನ ಬಸ್ಸು ಬರಲು ಇನ್ನೂ ಹೊತ್ತಿದೆ ಎಂದು ಗೊತ್ತಿದ್ದರೂ ನೋಡಿದಳು.